ಬಿತ್ತನೆಯ ವೇಳಾಪಟ್ಟಿಯಲ್ಲಿ ಮನೆಯವರ ವೇಳೆಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ವಸಂತ ಕಾಲಿಡುವ ಹೊತ್ತಿಗೆ ಪತ್ರಿಕೆಗಳ ವಾರದ ಪುರವಣಿಗಳಲ್ಲಿ ಎರಡು ಬಗೆಯ ಬರಹಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಕೈತೋಟದಲ್ಲಿ ಈಗ ಯಾವ ತರಕಾರಿಯ ಬೀಜ ಹಾಕಬೇಕು ಎಂಬುದು ಒಂದು; ಬಿಡುವಿನ ವೇಳೆಯಲ್ಲಿ ಯಾವ ಹೊಸ ಹವ್ಯಾಸ ಹಿಡಿಯಬಹುದು ಎಂಬುದು ಇನ್ನೊಂದು. ಎರಡನ್ನೂ ನಾನು ಆಸಕ್ತಿಯಿಂದ ಓದುತ್ತೇನೆ, ಎರಡರಿಂದಲೂ ಕಲಿತದ್ದು ಬಹಳ ಇದೆ. ಆದರೆ ಯಾವುದನ್ನು ಬೆಳೆಯಬೇಕು, ಯಾವಾಗ ಬೆಳೆಯಬೇಕು, ಎಷ್ಟು ಗೊಬ್ಬರ ಹಾಕಬೇಕು ಎಂಬುದನ್ನು ಅಷ್ಟು ನಿಖರವಾಗಿ ತಿಳಿಸುವ ಈ ಬರಹಗಳು, ಆ ಕೆಲಸವನ್ನು ಮನೆಯಲ್ಲಿ ಯಾರು ಮಾಡಬೇಕು, ದಿನದ ಯಾವ ಹೊತ್ತಿನಲ್ಲಿ ಮಾಡಬೇಕು, ಒಂದು ವಾರ ಮಾಡಲಾಗದೆ ಹೋದರೆ ಏನಾಗುತ್ತದೆ ಎಂಬ ವಿಷಯದಲ್ಲಿ ಮಾತ್ರ ಮೌನ ವಹಿಸುತ್ತವೆ. ಶಾಲೆಗೆ ಹೋಗುವ ಮಕ್ಕಳು, ದುಡಿಯಲು ಹೋಗುವ ದಂಪತಿ, ಆರೈಕೆ ಬೇಕಾದ ಹಿರಿಯರು ಇರುವ ಮನೆಯಲ್ಲಿ ತರಕಾರಿ ತೋಟ ಉಳಿಯುವುದೋ ಸೊರಗುವುದೋ ಎಂಬುದು ಈ ಪ್ರಶ್ನೆಗಳ ಮೇಲೆಯೇ ನಿಂತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತರಕಾರಿ ತೋಟ ಎಷ್ಟು ದೊಡ್ಡದಿರಬೇಕು ಎಂಬುದನ್ನು ಹಿತ್ತಲಿನ ಅಳತೆಯಾಗಲಿ ಬೀಜ ತಂದ ದಿನದ ಉತ್ಸಾಹವಾಗಲಿ ನಿರ್ಧರಿಸಬಾರದು. ಮನೆಯ ಅತ್ಯಂತ ಗಡಿಬಿಡಿಯ ವಾರದಲ್ಲಿ ನಿಜವಾಗಿ ಉಳಿಯುವ ಸಮಯ ಅದನ್ನು ನಿರ್ಧರಿಸಬೇಕು. ಅದೇ ಋತುವಿನಲ್ಲಿ ಹೊಸ ಹವ್ಯಾಸವೊಂದನ್ನು ಹಿಡಿಯುವುದಾದರೆ, ಅದು ನಮಗಾಗಿ ಕಾಯಬಲ್ಲ ಹವ್ಯಾಸವಾಗಿರಬೇಕು.

ವಸಂತದ ತೊಡಕು ಕೆಲಸದ ಪ್ರಮಾಣಕ್ಕಿಂತ ಅದು ಒಟ್ಟಿಗೇ ಬಂದು ಮುತ್ತುವುದರಲ್ಲಿದೆ. ಮಣ್ಣು ಬೆಚ್ಚಗಾಗುತ್ತಿದ್ದಂತೆ ಮಡಿ ಅಗೆದು ಗೊಬ್ಬರ ಬೆರೆಸಬೇಕು. ಟ್ರೇಗಳಲ್ಲಿ ಟೊಮೆಟೊ, ಬದನೆ, ಮೆಣಸಿನ ಬೀಜ ಹಾಕಬೇಕು. ಹವೆಯ ಚಳಿ-ಬಿಸಿಗೆ ತಕ್ಕಂತೆ 4ರಿಂದ 8 ವಾರಗಳ ಕಾಲ ಆ ಸಸಿಗಳನ್ನು ಮಗುವಿನಂತೆ ನೋಡಿಕೊಳ್ಳಬೇಕು. ನಾಟಿಗೆ ಮೊದಲು ಒಂದು ವಾರದಿಂದ ಹತ್ತು ದಿನ ಅವುಗಳನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಸಿಲು ಗಾಳಿಗೆ ಒಗ್ಗಿಸಬೇಕು. ಅಷ್ಟರಲ್ಲಿ ನೇರವಾಗಿ ಬಿತ್ತಿದ ಸಾಲುಗಳಲ್ಲಿ ಬೆಳೆಗಿಂತ ಮೊದಲು ಕಳೆ ತಲೆ ಎತ್ತಿರುತ್ತದೆ. ಇದೇ ವಾರಗಳಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಪರೀಕ್ಷೆ, ಕಚೇರಿಯಲ್ಲಿ ಲೆಕ್ಕಪತ್ರಗಳ ಒತ್ತಡ, ರಜೆಯ ಪ್ರಯಾಣದ ಸಿದ್ಧತೆ ಇರುತ್ತವೆ. ಹಗಲು ಉದ್ದವಾಯಿತು ಎಂದು ನಾವು ಹಿಗ್ಗುತ್ತೇವೆ. ಹಾಗೆ ಉದ್ದವಾದ ಹಗಲನ್ನು ಯಾರು ಯಾರು ಆಗಲೇ ಹಂಚಿಕೊಂಡಿದ್ದಾರೆ ಎಂದು ಲೆಕ್ಕ ಹಾಕುವುದಿಲ್ಲ.

ಆದ್ದರಿಂದ ತೋಟದ ಕೆಲಸಗಳನ್ನು ಸುಲಭ, ಕಷ್ಟ ಎಂದು ವಿಂಗಡಿಸುವ ರೂಢಿಯನ್ನು ಬಿಟ್ಟು, ಕಾಯುವ ಕೆಲಸ, ಕಾಯದ ಕೆಲಸ ಎಂದು ವಿಂಗಡಿಸುವುದು ಬಿಡುವಿಲ್ಲದ ಮನೆಗಳಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ. ಮಡಿ ಅಗೆಯುವುದು ಮೈಮುರಿಯುವ ಕೆಲಸ. ಆದರೂ ಅದು ಮುಂದಿನ ಭಾನುವಾರದ ತನಕ ಕಾಯುತ್ತದೆ. ಗೊಬ್ಬರದ ಗುಂಡಿಯಲ್ಲಿರುವುದನ್ನು ತಿರುವಿ ಹಾಕುವುದು ತಿಂಗಳ ಮಟ್ಟಿಗೆ ತಡವಾದರೂ ಕೊಳೆಯುವುದು ನಿಧಾನವಾಗುತ್ತದೆಯೇ ಹೊರತು ನಿಂತುಹೋಗುವುದಿಲ್ಲ. ಸಸಿಯ ಟ್ರೇಗೆ ನೀರು ಚಿಮುಕಿಸುವುದು ಎರಡು ನಿಮಿಷದ ಕೆಲಸ; ಅದು ನಾಳೆಯ ತನಕ ಕಾಯುವುದಿಲ್ಲ.

ಈ ಟ್ರೇಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರ ಉತ್ಸಾಹ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಟ್ರೇಯ ಒಂದೊಂದು ಗುಳಿಯಲ್ಲಿ ಬೇರಿಗೆ ಸಿಗುವುದು ಒಂದೆರಡು ಚಮಚ ಮಣ್ಣು. ಬಿಸಿಲು ಚುರುಕಾದ ದಿನ ಬೆಳಿಗ್ಗೆ ಕೊಟ್ಟ ನೀರು ಸಂಜೆಯೊಳಗೆ ಆರಿಹೋಗಿ, ಎಲೆಗಳು ಜೋತು ಬೀಳುತ್ತವೆ. ಅದಕ್ಕೆ ಹೆದರಿ ಎರಡು ಪಟ್ಟು ನೀರು ಸುರಿದರೆ, ಅದೂ ಗಾಳಿಯಾಡದ ಮೂಲೆಯಲ್ಲಿ ಟ್ರೇ ಇಟ್ಟಿದ್ದರೆ, ಪಿಥಿಯಂ, ರೈಝೋಕ್ಟೋನಿಯಾ ಮೊದಲಾದ ಸೂಕ್ಷ್ಮಜೀವಿಗಳಿಂದ ಬರುವ ಸಸಿ ಕೊಳೆ ರೋಗ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ನೋಡಿದಾಗ ಎಲೆಗಳಿನ್ನೂ ಹಸಿರಾಗಿಯೇ ಇರುತ್ತವೆ, ಮಣ್ಣಿಗೆ ತಾಗುವಲ್ಲಿ ಮಾತ್ರ ಕಾಂಡ ದಾರದಷ್ಟು ಸಣ್ಣಗೆ ಸೊರಗಿ ಸಸಿ ಮಗ್ಗುಲಾಗಿರುತ್ತದೆ. ಹಾಗೆ ಮಲಗಿದ ಸಸಿಯನ್ನು ಎಬ್ಬಿಸಿ ನಿಲ್ಲಿಸುವ ಉಪಾಯ ಯಾವುದೂ ಇಲ್ಲ, ಪಕ್ಕದ ಸಸಿಗಳೂ ಒಂದೊಂದಾಗಿ ಅದೇ ಹಾದಿ ಹಿಡಿಯುತ್ತವೆ. ಬೆಳಕು ಸಾಲದ ಕಿಟಕಿಯ ಬಳಿ ಇಟ್ಟವು ಬೇರೆ ಬಗೆಯಲ್ಲಿ ಕೆಡುತ್ತವೆ: ಗಾಜಿನ ಕಡೆಗೆ ಬಾಗಿ, ಉದ್ದಕ್ಕೆ ತೆಳ್ಳಗೆ ಬೆಳೆದು, ನೆಲಕ್ಕೆ ನಾಟಿ ಮಾಡಿದ ದಿನವೇ ಗಾಳಿಗೆ ಒರಗುತ್ತವೆ. ಹೀಗೆ ವಾರಗಟ್ಟಲೆ ಪ್ರತಿದಿನ ಎರಡು ಬಾರಿ ಕಣ್ಣಾಡಿಸಲು ಮನೆಯಲ್ಲಿ ಒಬ್ಬರಿಗೆ ಸಾಧ್ಯವಿದ್ದರೆ ಸಸಿ ಮಾಡುವುದು ಸಂತೋಷದ ಕೆಲಸ. ಇಲ್ಲವಾದರೆ, ಬೆಳೆದ ಸಸಿಗಳನ್ನೇ ಕೊಂಡು ತಂದು ನಾಟಿ ಮಾಡುವುದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಬೀಜದಿಂದಲೇ ಬೆಳೆಸಿದರೆ ಮಾತ್ರ ನಿಜವಾದ ತೋಟಗಾರಿಕೆ ಎಂಬ ಧ್ವನಿ ಕೆಲವು ಲೇಖನಗಳಲ್ಲಿ ಕೇಳಿಬರುತ್ತದೆ. ಅದು ಬಿಡುವಿರುವವರ ಗರ್ವ ಎಂದು ನನಗೆ ಅನ್ನಿಸುತ್ತದೆ.

ತಡವಾಯಿತು ಎಂಬ ಭಯವೂ ಇದೇ ಲೇಖನಗಳು ಹುಟ್ಟಿಸುವಂಥದ್ದು. ಇಂಥ ವಾರದೊಳಗೆ ಬಿತ್ತದಿದ್ದರೆ ವರ್ಷವೇ ಕೈತಪ್ಪಿತು ಎಂಬಂತೆ ಬರೆಯುವುದರಿಂದ, ಮನೆಯಲ್ಲಿ ಯಾರೋ ಜ್ವರದಿಂದ ಮಲಗಿರುವಾಗಲೂ ರಾತ್ರಿ ದೀಪ ಹಾಕಿಕೊಂಡು ಬೀಜ ಊರುವವರನ್ನು ನಾನು ಕಂಡಿದ್ದೇನೆ. ವಾಸ್ತವದಲ್ಲಿ ಬೀಜ ಮೊಳೆಯುವ ವೇಗವನ್ನು ನಿರ್ಧರಿಸುವುದು ದಿನಾಂಕಕ್ಕಿಂತ ಹೆಚ್ಚಾಗಿ ಮಣ್ಣಿನ ಉಷ್ಣತೆ. ಮಣ್ಣು 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟೊಮೆಟೊ ಬೀಜ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ; 10 ಡಿಗ್ರಿ ಇದ್ದಾಗ ಅದೇ ಬೀಜ ಮೊಳೆಯಲು ತಿಂಗಳಿಗಿಂತ ಹೆಚ್ಚು ಕಾಲ ಬೇಕಾಗುತ್ತದೆ, ಎಷ್ಟೋ ಬೀಜಗಳು ಅಷ್ಟರೊಳಗೆ ಕೊಳೆತೇಹೋಗುತ್ತವೆ. ಅಂದರೆ ತಣ್ಣನೆಯ ಮಣ್ಣಿನಲ್ಲಿ ಅವಸರದಿಂದ ಬಿತ್ತಿದವರಿಗೂ, ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಎರಡು ಮೂರು ವಾರ ತಡವಾಗಿ ಬೆಚ್ಚನೆಯ ಮಣ್ಣಿನಲ್ಲಿ ಬಿತ್ತಿದವರಿಗೂ ಕೊಯ್ಲಿನ ಹೊತ್ತಿಗೆ ಉಳಿಯುವ ಅಂತರ ಅಲ್ಪ. ಬಟಾಣಿ, ಪಾಲಕ್, ಲೆಟಿಸ್‌ನಂಥ ತಂಪು ಬಯಸುವ ಬೆಳೆಗಳಿಗೆ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಸೇರಿಸಬೇಕು. ತಡವಾದರೆ ಬೇಸಿಗೆಯ ಬಿಸಿಗೆ ಸಿಕ್ಕಿ ಪಾಲಕ್, ಲೆಟಿಸ್ ಹೂವಿನ ತೆನೆ ಎತ್ತಿ ಕಹಿಯಾಗುತ್ತವೆ, ಬಟಾಣಿ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಆ ವರ್ಷ ಅವುಗಳನ್ನು ಕೈಬಿಟ್ಟು, ಸೆಕೆ ತಡೆಯುವ ಬೆಂಡೆ, ಹುರುಳಿಕಾಯಿ, ಬದನೆಗಳ ಕಡೆ ಗಮನ ಕೊಟ್ಟರೆ ಆಯಿತು.

ಇನ್ನು ಗಾತ್ರದ ಮಾತು. ಬ್ರಿಟನ್ನಿನಲ್ಲಿ ಜನರಿಗೆ ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಭೂಮಿಯ ಸಾಂಪ್ರದಾಯಿಕ ಅಳತೆ ಸುಮಾರು 250 ಚದರ ಮೀಟರ್. ಒಂದು ಕುಟುಂಬಕ್ಕೆ ಸಾಕಾಗುವಷ್ಟು ತರಕಾರಿ ಬೆಳೆಯುವ ಲೆಕ್ಕದಲ್ಲಿ ರೂಢಿಗೆ ಬಂದ ಅಳತೆ ಅದು. ಇಂದು ಅಲ್ಲಿಯೇ ಹೊಸಬರಿಗೆ ಅದರ ಅರ್ಧದಷ್ಟನ್ನು ಕೊಡುವುದು ಸಾಮಾನ್ಯವಾಗಿದೆ. ಕುಟುಂಬದ ಹೊಟ್ಟೆಯೇನೂ ಅರ್ಧವಾಗಿಲ್ಲ, ಸಂಜೆಗಳು ಕಿರಿದಾಗಿವೆ. ಅಷ್ಟು ದೊಡ್ಡ ಭೂಮಿಯ ಮಾತು ಬಿಡಿ, ಬರೀ 10 ಚದರ ಮೀಟರ್‌ನ ತರಕಾರಿ ಮಡಿಯ ನೀರಿನ ಲೆಕ್ಕವನ್ನೇ ನೋಡೋಣ. ಮಳೆಯಿಲ್ಲದ ದಿನಗಳಲ್ಲಿ ತರಕಾರಿಗಳಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ನೀರು ಬೇಕು ಎಂಬುದು ಸಾಮಾನ್ಯ ಅಂದಾಜು. ಒಂದು ಚದರ ಮೀಟರ್‌ಗೆ ಅದು 25 ಲೀಟರ್. ಹತ್ತು ಚದರ ಮೀಟರ್‌ಗೆ 250 ಲೀಟರ್. ಹತ್ತು ಲೀಟರ್‌ನ ಬಕೆಟ್ಟಿನಲ್ಲಿ ಹೊರುವುದಾದರೆ ವಾರಕ್ಕೆ 25 ಬಕೆಟ್, ಬಿರುಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಕೊಳವೆ ಇದ್ದರೆ ಹೊರುವ ಶ್ರಮ ತಪ್ಪುತ್ತದೆ, ಆದರೆ ಕೊಳವೆ ಹಿಡಿದು ನಿಲ್ಲುವ ವೇಳೆ ತಪ್ಪುವುದಿಲ್ಲ. ಅದೂ ಸೂರ್ಯ ಏರುವ ಮುಂಚಿನ, ಮಕ್ಕಳ ಊಟದ ಡಬ್ಬಿ ಕಟ್ಟುವ ವೇಳೆಯೇ ಆಗಿರುತ್ತದೆ. ಈ ಒಂದು ಲೆಕ್ಕವನ್ನು ಬಿತ್ತನೆಗೆ ಮೊದಲು ಕಾಗದದ ಮೇಲೆ ಹಾಕಿ ನೋಡಿದ ಯಾವ ಕುಟುಂಬವೂ ಮೊದಲ ವರ್ಷವೇ ಹಿತ್ತಲನ್ನೆಲ್ಲ ಅಗೆಯುವ ಸಾಹಸಕ್ಕೆ ಇಳಿಯಲಾರದು.

ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ತನಕ ಎಟಕುವಂತೆ 1.2 ಮೀಟರ್ ಅಗಲದ, ಎರಡು ಮೂರು ಮೀಟರ್ ಉದ್ದದ ಒಂದೇ ಒಂದು ಮಡಿ ಮೊದಲ ವರ್ಷಕ್ಕೆ ಸಾಕು. ಮಡಿಯ ಒಳಗೆ ಕಾಲಿಡುವ ಅಗತ್ಯವಿಲ್ಲದ್ದರಿಂದ ಮಣ್ಣು ಗಟ್ಟಿಯಾಗುವುದಿಲ್ಲ, ಕಚೇರಿಗೆ ಹೊರಟ ಬಟ್ಟೆಯಲ್ಲಿಯೇ ನಿಂತು ನಾಲ್ಕು ಕಳೆ ಕೀಳಬಹುದು. ಈ ಕೊನೆಯ ಅನುಕೂಲ ತೀರ ಚಿಕ್ಕದೆಂದು ಕಂಡರೂ, ಕಳೆಯ ವಿಷಯದಲ್ಲಿ ಅದೇ ನಿರ್ಣಾಯಕ. ಎರಡು ಎಲೆಯ ಹಂತದ ಕಳೆಯನ್ನು ಬೆರಳಿನಿಂದ ಕೆದಕಿದರೆ ಸಾಕು, ಬಿಸಿಲಿಗೆ ಒಣಗಿ ಸಾಯುತ್ತದೆ. ಅದೇ ಕಳೆ ಬೇರು ಬಿಟ್ಟು ಹೂವಾದ ಮೇಲೆ ಕಳೆಗುದ್ದಲಿ ಹಿಡಿದು ಕುಳಿತರೂ ಅರ್ಧ ದಿನ ಬೇಕು, ಬೀಜ ಉದುರಿಸಿದರೆ ಮುಂದಿನ ಹಲವು ವಸಂತಗಳಿಗೆ ಅದೇ ಕೆಲಸ. ಮಣ್ಣಿನ ಮೇಲೆ ಒಣಹುಲ್ಲನ್ನೋ ತರಗೆಲೆಯನ್ನೋ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ, ಗಿಡದ ಬುಡಕ್ಕೆ ತಾಗದಂತೆ ಹರಡಿದರೆ ನೀರು ಆರುವುದೂ ಕಡಿಮೆ, ಕಳೆಯೂ ಕಡಿಮೆ. ಬಿಡುವಿಲ್ಲದ ಮನೆಯವರು ಕೊಂಡುಕೊಳ್ಳಬೇಕಾದ ಸಾಧನ ಒಂದೇ ಒಂದಿದ್ದರೆ ಅದು ಹನಿ ನೀರಾವರಿಯ ತೆಳು ಕೊಳವೆ ಮತ್ತು ನಲ್ಲಿಗೆ ಸಿಕ್ಕಿಸುವ ಟೈಮರ್. ಅಷ್ಟು ಖರ್ಚು ಬೇಡ ಎನ್ನುವವರಿಗೆ ಮೆರುಗು ಹಾಕದ ಮಣ್ಣಿನ ಮಡಕೆಯನ್ನು ಕುತ್ತಿಗೆಯ ತನಕ ಹೂತು ನೀರು ತುಂಬಿಸಿ ಮುಚ್ಚುವ ಉಪಾಯವಿದೆ. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚೀನಾದ ಕೃಷಿ ಬರಹದಲ್ಲಿಯೇ ಅದರ ವಿವರಣೆ ಇದೆ. ಮಣ್ಣು ಒಣಗಿದಂತೆ ಮಡಕೆಯ ಗೋಡೆಯಿಂದ ನೀರು ತಾನಾಗಿ ಜಿನುಗುತ್ತದೆ, ದಿನಬಿಟ್ಟು ದಿನ ನೋಡಿಕೊಂಡರೂ ನಡೆಯುತ್ತದೆ. ನೀರು ಹೀಗೆ ಸಮನಾಗಿ ಸಿಗುವುದರಿಂದ ಇನ್ನೊಂದು ಲಾಭವೂ ಉಂಟು. ಟೊಮೆಟೊ ಹಣ್ಣಿನ ತುದಿ ಕಪ್ಪಾಗಿ ಕುಳಿಬೀಳುವ ತೊಂದರೆಗೆ ನೇರ ಕಾರಣ ಹಣ್ಣಿಗೆ ಕ್ಯಾಲ್ಸಿಯಂ ತಲುಪದಿರುವುದು. ಅದು ತಲುಪದಿರಲು ಹೆಚ್ಚಿನ ಸಲ ಕಾರಣ, ನಾಲ್ಕು ದಿನ ಒಣಗಿಸಿ ಐದನೆಯ ದಿನ ಕೆರೆ ತುಂಬಿಸುವಂಥ ನಮ್ಮ ನೀರುಣಿಸುವ ಕ್ರಮ.

ಬೆಳೆಗಳ ಆಯ್ಕೆಯಲ್ಲಿಯೂ ಕಾಯುವ, ಕಾಯದ ವಿಂಗಡಣೆ ಕೆಲಸಕ್ಕೆ ಬರುತ್ತದೆ. ಹೊಸಬರಿಗೆ ಎಲ್ಲರೂ ಸೂಚಿಸುವ ಮೂಲಂಗಿಯನ್ನೇ ತೆಗೆದುಕೊಳ್ಳಿ. ನಾಲ್ಕೈದು ದಿನಕ್ಕೆ ಮೊಳೆತು, ಸಣ್ಣ ತಳಿಗಳಾದರೆ ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ ಎಂಬುದು ನಿಜ. ಆದರೆ ಆ ಕೊಯ್ಲಿನ ಗಡುವು ಕೆಲವೇ ದಿನಗಳದ್ದು. ಅದು ತಪ್ಪಿದರೆ ಬೆಂಡಾಗಿ, ಸೀಳಿ, ಖಾರವಾಗಿ ಯಾರೂ ಮುಟ್ಟದಂತಾಗುತ್ತದೆ. ಬೆಂಡೆಯ ಎಳೆಕಾಯಿ ಹೂ ಬಿಟ್ಟ ನಾಲ್ಕರಿಂದ ಆರು ದಿನದೊಳಗೆ ಕೀಳದಿದ್ದರೆ ನಾರಾಗುತ್ತದೆ. ಹುರುಳಿಕಾಯಿ ಮತ್ತು ಸೌತೆಗಳಲ್ಲಿ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಬೀಜ ಬಲಿಸುವುದೇ ಗಿಡದ ಗುರಿ. ಎಲೆಯ ಮರೆಯಲ್ಲಿ ಕಣ್ತಪ್ಪಿ ಉಳಿದ ಕೆಲವು ಕಾಯಿ ಬಲಿತವೆಂದರೆ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಸುಗ್ಗಿಯ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಯಾರಾದರೂ ಬಗ್ಗಿ, ಎಲೆ ಸರಿಸಿ ನೋಡಲೇಬೇಕು. ಇವುಗಳಿಗೆ ಹೋಲಿಸಿದರೆ ಸಿಹಿಗುಂಬಳ, ಆಲೂಗಡ್ಡೆ, ಸಿಹಿಗೆಣಸು, ಈರುಳ್ಳಿ ಎಷ್ಟೋ ಸಹನಶೀಲ ಬೆಳೆಗಳು. ಒಂದು ಹಂತ ದಾಟಿದ ಮೇಲೆ ಹೆಚ್ಚು ಆರೈಕೆ ಕೇಳುವುದಿಲ್ಲ, ಒಮ್ಮೆಗೇ ಕೊಯ್ಲು ಮುಗಿಯುತ್ತದೆ, ಕೊಯ್ಲು ಒಂದು ವಾರ ಹಿಂದೆ ಮುಂದೆ ಆದರೂ ಕೆಡುವುದಿಲ್ಲ, ಚೆನ್ನಾಗಿ ಒಣಗಿಸಿಟ್ಟರೆ ಸಿಹಿಗುಂಬಳವೂ ಈರುಳ್ಳಿಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಪುರವಣಿಗಳ ಚಿತ್ರಗಳಲ್ಲಿ ಇವುಗಳಿಗೆ ಸ್ಥಾನ ಕಡಿಮೆ. ಬಿಡುವಿಲ್ಲದ ಮನೆಯ ಮಡಿಯಲ್ಲಿ ಮಾತ್ರ ಮೊದಲ ಸ್ಥಾನ ಇವುಗಳಿಗೇ ಸಲ್ಲಬೇಕು.

ಹವ್ಯಾಸಗಳ ವಿಷಯಕ್ಕೆ ಬರುತ್ತೇನೆ. ಹೊಸ ಚಟುವಟಿಕೆಯೊಂದು ಅಭ್ಯಾಸವಾಗಲು ಎಷ್ಟು ಕಾಲ ಬೇಕು ಎಂಬುದರ ಬಗ್ಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿದೆ. 21 ದಿನ ಸಾಕು ಎಂದು ಅಲ್ಲಿ ಇಲ್ಲಿ ಕೇಳಿಬರುವ ಮಾತಿಗೆ ವಿರುದ್ಧವಾಗಿ, ಅದರಲ್ಲಿ ಕಂಡ ನಡುಮಟ್ಟದ ಅವಧಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ, ಚಟುವಟಿಕೆಯಿಂದ ಚಟುವಟಿಕೆಗೆ ಅದು 18ರಿಂದ 254 ದಿನಗಳ ತನಕ ಬದಲಾಗುತ್ತಿತ್ತು. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯವೆನ್ನಿಸಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಗಣನೀಯ ಧಕ್ಕೆಯೇನೂ ಆಗುತ್ತಿರಲಿಲ್ಲ. ಮನುಷ್ಯನ ಅಭ್ಯಾಸ ಹೀಗೆ ಒಂದು ದಿನದ ಲೋಪವನ್ನು ಕ್ಷಮಿಸುತ್ತದೆ, ಟ್ರೇಯಲ್ಲಿರುವ ಸಸಿ ಕ್ಷಮಿಸುವುದಿಲ್ಲ. ಎರಡರ ಸ್ವಭಾವವೇ ಬೇರೆ ಎಂಬುದನ್ನು ಒಪ್ಪಿಕೊಂಡರೆ ಅವುಗಳನ್ನು ಒಂದೇ ಮನೆಯಲ್ಲಿ ಕೂಡಿಸುವುದು ಕಷ್ಟವಲ್ಲ.

ಹೆಣಿಗೆ, ಚಿತ್ರ ಬಿಡಿಸುವುದು, ಹೊಸ ಭಾಷೆ ಕಲಿಯುವುದು, ಚದುರಂಗ, ಮರಗೆಲಸ ಇವೆಲ್ಲ ಕಾಯುವ ಹವ್ಯಾಸಗಳು. ಅರ್ಧ ಹೆಣೆದ ಸಾಲಿನಲ್ಲಿ ಸೂಜಿ ಸಿಕ್ಕಿಸಿ ಎದ್ದರೆ ಒಂದು ತಿಂಗಳ ನಂತರವೂ ಅದೇ ಹೊಲಿಗೆಯಿಂದ ಮುಂದುವರಿಯಬಹುದು. ಕೊಳಲು, ಗಿಟಾರ್‌ಗಳಂಥ ವಾದ್ಯಗಳು ನಡುವಿನಲ್ಲಿ ನಿಲ್ಲುತ್ತವೆ. ಬಿಟ್ಟರೆ ಕೈ ಬಿಗಿಯಾಗುತ್ತದೆ, ಹೋದದ್ದು ಮರಳಿ ಬರುತ್ತದೆ. ಮೀನಿನ ತೊಟ್ಟಿ, ಜೇನು ಸಾಕಣೆ, ನಾಯಿಮರಿ ತರುವುದು ಇವು ಕಾಯದ ಗುಂಪಿಗೆ ಸೇರಿದವು. ಜೇನು ಸಾಕಣೆಯ ಮೇಲೆ ನನಗೆ ಬಹಳ ಗೌರವವಿದೆ, ಆದರೆ ತರಕಾರಿ ತೋಟವನ್ನೂ ಅದನ್ನೂ ಒಂದೇ ವಸಂತದಲ್ಲಿ ಆರಂಭಿಸಿ ಎಂದು ಸಲಹೆ ಕೊಡುವವರು ಪೆಟ್ಟಿಗೆಯ ಕೆಲಸವನ್ನು ಬಲ್ಲವರಲ್ಲ. ಜೇನು ಕುಟುಂಬ ಒಡೆದು ಹಿಂಡು ಹಾರಿಹೋಗುವುದು ಹೂವು ಹೇರಳವಾಗಿರುವ ಇದೇ ಕಾಲದಲ್ಲಿ. ಯುರೋಪಿಯನ್ ಜೇನಿನಲ್ಲಿ ಮೊಟ್ಟೆಯಿಂದ ಹೊಸ ರಾಣಿ ಹೊರಬರಲು 16 ದಿನ ಸಾಕು, ಅದರ ಕೋಣೆಗೆ ಮುಚ್ಚಳ ಬೀಳಲು ಎಂಟು ಒಂಬತ್ತು ದಿನ ಸಾಕು. ಆದ್ದರಿಂದ ಹಿಂಡು ಹಾರುವ ಸಿದ್ಧತೆಯನ್ನು ಮೊದಲೇ ಕಂಡುಕೊಳ್ಳಲು ವಾರಕ್ಕೊಮ್ಮೆಯಂತೆ ಪೆಟ್ಟಿಗೆ ತೆರೆದು ನೋಡಬೇಕಾಗುತ್ತದೆ. ಸಸಿ ಒಗ್ಗಿಸುವ ವಾರ, ಪೆಟ್ಟಿಗೆ ನೋಡುವ ವಾರ, ಮಗುವಿನ ಪರೀಕ್ಷೆಯ ವಾರ ಒಂದೇ ಆದಾಗ ಮೊದಲು ಸೋಲುವುದು ಯಾವುದು ಎಂಬುದನ್ನು ಪ್ರತಿ ಮನೆಯವರೂ ಊಹಿಸಿಕೊಳ್ಳಬಲ್ಲರು. ಸಾಮಾನ್ಯವಾಗಿ ಸೋಲುವುದು ದೊಡ್ಡವರ ನಿದ್ದೆ. ಕಾಯದ ಹವ್ಯಾಸ ಒಂದು ಮನೆಗೆ ಒಂದು ಕಾಲಕ್ಕೆ ಒಂದೇ ಇರಲಿ ಎಂಬುದು ನಮ್ಮ ಮನೆಯಲ್ಲಿ ನಾವು ಮಾಡಿಕೊಂಡಿರುವ ಕಟ್ಟುಪಾಡು. ತೋಟ ಆ ಜಾಗದಲ್ಲಿ ಕುಳಿತಿರುವಷ್ಟು ದಿನ ಉಳಿದವರೆಲ್ಲರ ಹೊಸ ಆಸೆಗಳು ಹೆಣಿಗೆ, ಕುಂಚಗಳ ಜಾತಿಯವೇ ಆಗಿರಬೇಕು. ಮಳೆಯ ದಿನ, ರಾತ್ರಿಯ ಹೊತ್ತು, ಬಸ್ಸಿನ ಪ್ರಯಾಣ ಅವುಗಳಿಗೆ ಸಾಕಾಗುತ್ತದೆ.

ಪತ್ರ ಉದ್ದವಾಗುತ್ತಿದೆ ಎಂಬ ಅರಿವು ನನಗಿದೆ, ಕತ್ತರಿ ಆಡಿಸುವ ಅಧಿಕಾರ ತಮ್ಮದು; ಆದರೆ ಮುಂದಿನ ಮಾತನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ. ತರಕಾರಿ ತೋಟ ಹವ್ಯಾಸವೋ ಮನೆಗೆಲಸವೋ ಎಂಬ ಪ್ರಶ್ನೆಯನ್ನು ಕುಟುಂಬಗಳು ಬಿಡಿಸಿಕೊಳ್ಳದೆ ಬಿಟ್ಟಿರುವುದರಿಂದಲೇ ಅರ್ಧ ಮನಸ್ತಾಪಗಳು ಹುಟ್ಟುತ್ತವೆ. ಬೆಳೆದದ್ದು ಅಡುಗೆಮನೆಗೆ ಬರುವುದರಿಂದ, ತೋಟದಲ್ಲಿ ಕಳೆದ ಎರಡು ಗಂಟೆಯನ್ನು ತಾನು ಮನೆಗಾಗಿ ದುಡಿದ ಲೆಕ್ಕಕ್ಕೆ ಬರೆದುಕೊಳ್ಳುವ ಆಸೆ ತೋಟ ಮಾಡುವವರಿಗೆ ಸಹಜ. ಆ ಎರಡು ಗಂಟೆ ಮಕ್ಕಳನ್ನು ಓದಿಸುತ್ತ, ಒಗೆದ ಬಟ್ಟೆ ಮಡಿಸುತ್ತ, ಹಿರಿಯರಿಗೆ ಔಷಧಿ ಕೊಡುತ್ತ ಇದ್ದವರಿಗೆ ಅದು ಹಾಗೆ ಕಾಣುವುದಿಲ್ಲ. ಇದರ ಇನ್ನೊಂದು ಮುಖವೂ ಅಷ್ಟೇ ಅನ್ಯಾಯದ್ದು. ಮನೆಯೊಡತಿ ತೋಟ ಮಾಡುತ್ತಿದ್ದರೆ, ತರಕಾರಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಆಕೆಯ ದಿನಗೆಲಸಗಳ ಪಟ್ಟಿಗೆ ಸೇರಿಸಿ, ಗಂಡನ ಕ್ರಿಕೆಟ್ ಆಟಕ್ಕೆ ಸಿಗುವ ಬಿಡುವಿನ ಮಾನ್ಯತೆಯನ್ನು ಆಕೆಯ ಗುದ್ದಲಿಗೆ ಕೊಡದ ಮನೆಗಳು ಬೇಕಾದಷ್ಟಿವೆ. ಬಿತ್ತನೆಗೆ ಮೊದಲೇ ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. ನೀರು, ಕೊಯ್ಲು ಇವು ಮನೆಗೆಲಸ, ಆದ್ದರಿಂದ ಸರದಿಯ ಮೇಲೆ ಎಲ್ಲರದ್ದು. ಹೊಸ ತಳಿ ಹುಡುಕುವುದು, ಚಪ್ಪರ ಕಟ್ಟುವುದು, ಮಡಿಯ ಅಂಚಿಗೆ ಕಲ್ಲು ಜೋಡಿಸುವುದು ಇವು ಹವ್ಯಾಸ, ಆದ್ದರಿಂದ ಅವರವರ ಬಿಡುವಿನ ಪಾಲಿನದ್ದು. ಈ ಗೆರೆ ಎಲ್ಲಿ ಎಳೆಯಬೇಕು ಎಂಬುದು ಮನೆಯಿಂದ ಮನೆಗೆ ಬದಲಾಗಬಹುದು. ಎಲ್ಲೋ ಒಂದು ಕಡೆ ಎಳೆದಿರಬೇಕು. ಹಾಗೆಯೇ ಶಾಲೆಯ ಸಭೆ, ವೈದ್ಯರ ಭೇಟಿ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ನಾಟಿಯ ದಿನವನ್ನೂ ಬರೆದರೆ, ಎರಡು ಕೆಲಸ ಡಿಕ್ಕಿ ಹೊಡೆಯುವುದು ಮೂರು ವಾರ ಮೊದಲೇ ಕಾಣುತ್ತದೆ.

ಮಕ್ಕಳನ್ನು ತೋಟಕ್ಕೆ ಸೇರಿಸಿಕೊಳ್ಳಿ, ಕೆಲಸ ಹಗುರವಾಗುತ್ತದೆ ಎಂಬ ಸಲಹೆಯನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಸೇರಿಸಿಕೊಳ್ಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ, ಕೆಲಸ ಹಗುರವಾಗುವುದಿಲ್ಲ. ಆರು ವರ್ಷದ ಮಗು ಒಂದು ಸಾಲಿಗೆ ನೀರು ಹಾಕಿ ಮುಗಿಸುವಷ್ಟರಲ್ಲಿ ಒಂದು ಗಿಡಕ್ಕೆ ಐದು ಚೊಂಬು, ಇನ್ನೊಂದಕ್ಕೆ ಬರೀ ಎಲೆಯ ಮೇಲಿನ ಹನಿ ಸಿಕ್ಕಿರುತ್ತದೆ, ಚಪ್ಪಲಿ ಮಣ್ಣಿನಲ್ಲಿ ಹೂತಿರುತ್ತದೆ. ಆದರೂ ಮಗುವಿಗೆ ಸರಿಹೊಂದುವ ಕೆಲಸಗಳಿವೆ. ಕ್ಯಾರೆಟ್ ಬೀಜ ಧೂಳಿನಷ್ಟು ಚಿಕ್ಕದು, ಮೊಳೆಯಲು ಎರಡು ಮೂರು ವಾರ ಬೇಕು, ಅಷ್ಟು ದಿನ ಮೇಲ್ಮಣ್ಣು ಒಣಗಕೂಡದು. ಮಗುವಿನ ತಾಳ್ಮೆಗೆ ಅದು ಹೇಳಿದ್ದಲ್ಲ. ಹುರುಳಿಕಾಯಿ, ಬಟಾಣಿ, ಕುಂಬಳದ ಬೀಜಗಳನ್ನು ಎರಡು ಬೆರಳಲ್ಲಿ ಹಿಡಿದು ಊರಬಹುದು, ಒಂದು ವಾರ ಹತ್ತು ದಿನದಲ್ಲಿ ಮಣ್ಣನ್ನು ಬಿರಿದುಕೊಂಡು ಬಗ್ಗಿದ ಕತ್ತು ಮೇಲೇಳುವುದನ್ನು ನೋಡಬಹುದು. ಕಾಯಿ ಹುಡುಕುವ ಕೆಲಸದಲ್ಲಂತೂ ಮಕ್ಕಳು ದೊಡ್ಡವರಿಗಿಂತ ವಾಸಿ. ಅವರ ಕಣ್ಣು ಎಲೆಯ ಕೆಳಗಿನ ಮಟ್ಟದಲ್ಲಿಯೇ ಇರುತ್ತದೆ. ಹದಿಹರೆಯದವರನ್ನು ಬಲವಂತ ಮಾಡುವುದರಿಂದ ಪ್ರಯೋಜನ ಕಾಣೆ. ಟೈಮರ್ ಜೋಡಿಸಿಕೊಡು ಎಂದರೆ ಬರುತ್ತಾರೆ, ಕಳೆ ಕೀಳು ಎಂದರೆ ಬರುವುದಿಲ್ಲ.

ಕೆಲವು ವರ್ಷ ಏನೂ ಬಿತ್ತದಿರುವುದೂ ಒಂದು ಸರಿಯಾದ ನಿರ್ಧಾರ ಎಂಬುದನ್ನು ಯಾವ ಪುರವಣಿಯೂ ಬರೆದದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಹಸುಗೂಸು ಇರುವ, ಊರು ಬದಲಿಸುವ, ಹಿರಿಯರು ಹಾಸಿಗೆ ಹಿಡಿದಿರುವ ವಸಂತದಲ್ಲಿ ಮಡಿಯ ಮೇಲೆ ದಪ್ಪನೆಯ ಹೊದಿಕೆ ಹಾಸಿ ಅಥವಾ ಹಸಿರೆಲೆ ಗೊಬ್ಬರಕ್ಕಾಗಿ ದ್ವಿದಳ ಧಾನ್ಯ ಚೆಲ್ಲಿ ಬಿಟ್ಟರೆ ಮಣ್ಣಿಗೆ ನಷ್ಟವಿಲ್ಲ, ಮುಂದಿನ ವರ್ಷಕ್ಕೆ ಲಾಭವೇ. ಕೊಂಡ ಬೀಜವೂ ಹಾಳಾಗುವುದಿಲ್ಲ. ತಂಪಾಗಿ, ಒಣಗಿದ ಜಾಗದಲ್ಲಿ ಮುಚ್ಚಿಟ್ಟರೆ ಟೊಮೆಟೊ ಬೀಜ ಸುಮಾರು ನಾಲ್ಕು ವರ್ಷ, ಹುರುಳಿಕಾಯಿ, ಬಟಾಣಿ ಬೀಜ ಮೂರು ವರ್ಷ ಚೆನ್ನಾಗಿ ಮೊಳೆಯುತ್ತವೆ. ಈರುಳ್ಳಿ ಬೀಜ ಮಾತ್ರ ಒಂದು ವರ್ಷಕ್ಕಿಂತ ಹೆಚ್ಚು ನೆಚ್ಚುವಂಥದ್ದಲ್ಲ, ಅದನ್ನು ಯಾರಿಗಾದರೂ ಕೊಟ್ಟುಬಿಡುವುದು ಮೇಲು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದೆ ಬಿತ್ತನೆಯ ಪಟ್ಟಿ ಪ್ರಕಟಿಸುವಾಗ ಪ್ರತಿ ತರಕಾರಿಯ ಹೆಸರಿನ ಮುಂದೆ ಅಂತರ, ಆಳ, ಗೊಬ್ಬರಗಳ ಜೊತೆಗೆ ವಾರಕ್ಕೆ ಅದು ಕೇಳುವ ಸಮಯ, ಯಾವ ವಾರಗಳಲ್ಲಿ ಮನೆಯಲ್ಲಿ ಯಾರಾದರೂ ಇರಲೇಬೇಕು ಮತ್ತು ಎಷ್ಟು ದಿನ ಗಮನ ತಪ್ಪಿದರೂ ಆ ಬೆಳೆ ತಡೆದುಕೊಳ್ಳುತ್ತದೆ ಎಂಬುದನ್ನೂ ಮುದ್ರಿಸಬೇಕು. ಹೊಸ ಹವ್ಯಾಸಗಳ ಅಂಕಣದಲ್ಲಿಯೂ ಸಲಕರಣೆಯ ಪಟ್ಟಿಯ ಪಕ್ಕದಲ್ಲಿ ಇದೇ ಮಾಹಿತಿ ಇರಲಿ. ತೋಟದ ಛಾಯಾಚಿತ್ರಗಳನ್ನು ಓದುಗರಿಂದ ಆಹ್ವಾನಿಸುವಾಗ, ಮನೆಯವರೆಲ್ಲ ಒಂದು ವಾರ ಬೇರೆ ಊರಿಗೆ ಹೋಗಿ ಬಂದ ಮರುದಿನ ತೆಗೆದ ಚಿತ್ರಗಳನ್ನೂ ಕೇಳಿದರೆ ಯಾವ ಬೆಳೆ, ಯಾವ ಏರ್ಪಾಡು ತಡೆದುಕೊಂಡಿತು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಅಂಥ ಪಟ್ಟಿಗೆ ಆರಂಭವಾಗಿ ಟೊಮೆಟೊ, ಹುರುಳಿಕಾಯಿ ಮತ್ತು ಸಿಹಿಗುಂಬಳಗಳಿಗೆ ನಮ್ಮ ಮನೆಯಲ್ಲಿ ತಗಲುವ ಸಮಯದ ಲೆಕ್ಕವನ್ನು ಬರೆದು ಕಳುಹಿಸಲು ನಾನು ಸಿದ್ಧ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬರು